ನೆಲದಲ್ಲಾದ ತಪ್ಪು, ಆಕಾಶದಲ್ಲಾದ ಆಪತ್ತು

ಅರಕಲಗೂಡು ತಾಲ್ಲೂಕಿನ ಕೊಣನೂರು ಕಾವೇರಿಯ ದಡದ ಮೇಲಿರುವ ಊರು. ಇಲ್ಲಿಯ ಹೊಲಗದ್ದೆಗಳಲ್ಲಿ ವಿದ್ಯುತ್ ಪಂಪಿನ ಮೋಟಾರು ಸುಟ್ಟುಹೋದರೆ ಅದನ್ನು ಬಿಚ್ಚಿ ಒಯ್ದು, ತಂತಿಯ ಸುರುಳಿಯನ್ನು ಹೊಸದಾಗಿ ಸುತ್ತಿಸಿ, ಮತ್ತೆ ತಂದು ಕೂರಿಸುವುದು ಎಲ್ಲರಿಗೂ ಪರಿಚಿತವಾದ ಕೆಲಸ. ಹಾಗೆ ಕೂರಿಸುವಾಗ ಮೂರು ತಂತಿಗಳಲ್ಲಿ ಯಾವುವಾದರೂ ಎರಡು ಅದಲುಬದಲಾದರೆ ಏನಾಗುವುದೆಂಬುದನ್ನು ನಮ್ಮ ವಾಚಕರಲ್ಲಿ ಹಲವರು ಕಣ್ಣಾರೆ ಕಂಡಿರಬಹುದು. ಮೋಟಾರು ಓಡುವುದು, ಸದ್ದೂ ಸರಿಯಾಗಿಯೇ ಇರುವಂತೆ ತೋರುವುದು, ಆದರೆ ಕೊಳವೆಯ ಬಾಯಿಯಲ್ಲಿ ನೀರು ಮಾತ್ರ ಸರಿಯಾಗಿ ಬಾರದು. ಮೂರು ಹಂತದ ವಿದ್ಯುತ್ತಿನಲ್ಲಿ ಎರಡು ಹಂತಗಳನ್ನು ಅದಲುಬದಲು ಮಾಡಿದರೆ ಕಾಂತಕ್ಷೇತ್ರವು ಸುತ್ತುವ ದಿಕ್ಕು ತಿರುಗಿಬಿಡುವುದು. ಪಂಪು ಹಿಮ್ಮೊಗವಾಗಿ ತಿರುಗುವುದು. ಮೆಕ್ಯಾನಿಕನು ನಕ್ಕು, ಸ್ವಿಚ್ಚನ್ನು ಆರಿಸಿ, ಎರಡು ತಂತಿಗಳನ್ನು ಬದಲಿಸುವನು. ಐದು ನಿಮಿಷದಲ್ಲಿ ನೀರು ಭೋರೆಂದು ಸುರಿಯುವುದು.

ಈ ಚಿಕ್ಕ ಪ್ರಸಂಗದಲ್ಲಿ ಗಮನಿಸತಕ್ಕ ಅಂಶಗಳು ಮೂರು. ಮೊದಲನೆಯದಾಗಿ, ತಪ್ಪು ಮಾಡಿದವನು ದಡ್ಡನಲ್ಲ. ತಂತಿಗಳೇ ಹೇಗೆ ಬೇಕಾದರೂ ಜೋಡಣೆಗೊಳ್ಳುವಂತಿದ್ದವು. ಎರಡನೆಯದಾಗಿ, ತಪ್ಪು ಒಡನೆಯೇ ಕಣ್ಣಿಗೆ ಬಿದ್ದಿತು. ಮೂರನೆಯದಾಗಿ, ಅದನ್ನು ಒಪ್ಪಿಕೊಳ್ಳಲು ಅವನಿಗೆ ಯಾವ ಭಯವೂ ಇರಲಿಲ್ಲ. ಈಗ ಪಂಪಿನ ಸ್ಥಳದಲ್ಲಿ ಯುದ್ಧವಿಮಾನವೊಂದನ್ನು ಕಲ್ಪಿಸಿಕೊಳ್ಳೋಣ. ಈ ಮೂರು ಅನುಕೂಲಗಳಲ್ಲಿ ಒಂದೂ ಇಲ್ಲದಿದ್ದರೆ ಅದೇ ಬಗೆಯ ಕೈತಪ್ಪು ಎಂಥ ಅನರ್ಥಕ್ಕೆ ಕಾರಣವಾದೀತೆಂಬುದೇ ಈ ಲೇಖನದ ವಿಷಯ.

ಹಾರುವವರು ಕೆಲವರು, ಹಾರಿಸುವವರು ಹಲವರು

ವಿಮಾನವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವನು ವೈಮಾನಿಕನು. ಆದರೆ ಅವನು ಒಂದು ಗಂಟೆ ಹಾರಬೇಕಾದರೆ ನೆಲದ ಮೇಲೆ ಅನೇಕರು ಅನೇಕ ಗಂಟೆಗಳ ಕಾಲ ದುಡಿದಿರಬೇಕು. ಈ ದುಡಿಮೆಗೂ ಕನ್ನಡನಾಡಿಗೂ ಹಳೆಯ ನಂಟು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆಯು, ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಅಮೆರಿಕದ ಸೇನಾ ವಾಯುದಳದ ವಶಕ್ಕೆ ಬಂದು, ಯುದ್ಧವಿಮಾನಗಳನ್ನು ಬಿಚ್ಚಿ ದುರಸ್ತಿಮಾಡುವ ದೊಡ್ಡ ಕೇಂದ್ರವಾಯಿತು. ಇಂದಿನ ಹಿಂದೂಸ್ತಾನ್ ಏರೋನಾಟಿಕ್ಸ್ ಅದರ ಮುಂದುವರಿಕೆ. ವಾಯುಪಡೆಯ ತಾಂತ್ರಿಕ ಅಧಿಕಾರಿಗಳು ಬೆಂಗಳೂರಿನ ಜಾಲಹಳ್ಳಿಯಲ್ಲಿ ಶಿಕ್ಷಣ ಪಡೆಯುವರು. ಬೆಳಗಾವಿಯ ಬಳಿಯ ಸಾಂಬ್ರಾದಲ್ಲಿ ವಾಯುಸೈನಿಕರ ತರಬೇತಿ ಶಾಲೆಯಿದೆ.

ನಮ್ಮ ವಾಯುಪಡೆಯಲ್ಲಿ ನಡೆದ ಅಪಘಾತಗಳ ವಿಚಾರಣಾ ವರದಿಗಳು ಸಾಮಾನ್ಯವಾಗಿ ಬಹಿರಂಗವಾಗುವುದಿಲ್ಲ. 2017ರಿಂದ 2022ರವರೆಗಿನ ಅವಧಿಯಲ್ಲಿ 34 ಅಪಘಾತಗಳು ನಡೆದವೆಂಬ ಲೆಕ್ಕವು 2024ರ ಡಿಸೆಂಬರಿನಲ್ಲಿ ಸಂಸತ್ತಿನ ರಕ್ಷಣಾ ಸಮಿತಿಯ ವರದಿಯಿಂದ ಹೊರಬಂದಿತು. ಆದರೆ ಒಂದೊಂದು ಅಪಘಾತದಲ್ಲಿ ಯಾವ ಮೊಳೆ ಸಡಿಲವಾಗಿತ್ತು, ಯಾವ ಕಾಗದದಲ್ಲಿ ಏನು ಬರೆದಿತ್ತು ಎಂಬ ವಿವರವನ್ನು ಅಂಥ ಲೆಕ್ಕವು ಹೇಳದು. ಆದುದರಿಂದ, ವಿವರವಾದ ವರದಿಗಳು ಹೊರಬಂದಿರುವ ಹೊರನಾಡುಗಳ ಕೆಲವು ಪ್ರಸಂಗಗಳನ್ನು ಮೊದಲು ನೋಡಿ, ಬಳಿಕ ನಮ್ಮ ನೆಲಕ್ಕೆ ಹಿಂದಿರುಗುವೆವು.

ಅದಲುಬದಲಾದ ಸರಳುಗಳು

1995ರ ಮೇ 30ರಂದು ಜರ್ಮನಿಯ ಸ್ಪಾಂಗ್‌ಡಾಲೆಮ್ ವಾಯುನೆಲೆಯಿಂದ ಅಮೆರಿಕದ ಎಫ್-15 ಯುದ್ಧವಿಮಾನವೊಂದು ಮೇಲೇರಿದೊಡನೆಯೇ ನೆಲಕ್ಕಪ್ಪಳಿಸಿತು. ವೈಮಾನಿಕನು ಮಡಿದನು. ಕಾರಣವನ್ನು ಹುಡುಕಿದಾಗ, ಹಿಂದಿನ ದುರಸ್ತಿಯಲ್ಲಿ ನಿಯಂತ್ರಣದ ಸರಳುಗಳನ್ನು ಬಿಚ್ಚಿ ಮತ್ತೆ ಜೋಡಿಸುವಾಗ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಸೇರಿಸಿದ್ದುದು ಕಂಡುಬಂದಿತು. ವೈಮಾನಿಕನು ಕೈಯ ದಂಡವನ್ನು ಒಂದು ಬಗೆಯಲ್ಲಿ ಆಡಿಸಿದರೆ ವಿಮಾನವು ಇನ್ನೊಂದು ಬಗೆಯಲ್ಲಿ ಹೊರಳುತ್ತಿತ್ತು. ಪಂಪಿನ ಎರಡು ತಂತಿಗಳ ಕಥೆಯೇ ಇದು. ಆದರೆ ಇಲ್ಲಿ ಸ್ವಿಚ್ಚನ್ನು ಆರಿಸಿ ಸರಿಪಡಿಸಲು ಅವಕಾಶವಿರಲಿಲ್ಲ.

ಇಂಥದೇ ಅದಲುಬದಲು ಅದೇ ಮಾದರಿಯ ಬೇರೆ ವಿಮಾನಗಳಲ್ಲಿ ಹಿಂದೆಯೂ ಆಗಿ, ಹಾರುವ ಮುನ್ನವೇ ಪತ್ತೆಯಾಗಿದ್ದಿತು. ಎಂದಮೇಲೆ ಎರಡು ಸರಳುಗಳ ತುದಿಗಳು ಒಂದರ ಸ್ಥಾನದಲ್ಲಿ ಇನ್ನೊಂದು ಸುಲಭವಾಗಿ ಕೂರುವಂತಿದ್ದುದು ಆ ದಿನದ ಕೆಲಸಗಾರನ ದೋಷವಲ್ಲ. ಆದರೂ ಕರ್ತವ್ಯಲೋಪದ ಆಪಾದನೆ ಬಂದುದು ಇಬ್ಬರು ತಂತ್ರಜ್ಞರ ಮೇಲೆ. 1996ರ ಅಕ್ಟೋಬರಿನಲ್ಲಿ, ಸೈನಿಕ ನ್ಯಾಯಾಲಯದ ವಿಚಾರಣೆ ಆರಂಭವಾಗಬೇಕಾಗಿದ್ದ ದಿನವೇ, ಅವರಲ್ಲೊಬ್ಬನು ತನ್ನ ಪ್ರಾಣವನ್ನು ತಾನೇ ನೀಗಿಕೊಂಡನು. ಒಂದು ಕೈತಪ್ಪಿಗೆ ಹೀಗೆ ಎರಡು ಜೀವಗಳು ಎರವಾದವು. ಈ ಎರಡನೆಯ ಸಾವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುವೆವು. ಕಡೆಯಲ್ಲಿ ಅದರ ಬಳಿಗೆ ಹಿಂದಿರುಗಬೇಕಾಗಿದೆ.

ಬಿಗಿಯಾದುದೆಲ್ಲವೂ ಭದ್ರವಲ್ಲ

ಹಾಕ್ ಎಂಬ ತರಬೇತಿ ವಿಮಾನವು ನಮಗೆ ಅಪರಿಚಿತವೇನಲ್ಲ. ಇಂಗ್ಲೆಂಡಿನ ವಿನ್ಯಾಸದ ಆ ವಿಮಾನವನ್ನು ಬೆಂಗಳೂರಿನಲ್ಲಿಯೂ ನಿರ್ಮಿಸಿದ್ದಾರೆ. ಬೀದರಿನ ವಾಯುನೆಲೆಯಲ್ಲಿ ನಮ್ಮ ತರುಣರು ಅದರಲ್ಲಿ ಹಾರಾಟ ಕಲಿಯುವರು. ಇಂಗ್ಲೆಂಡಿನಲ್ಲಿ ಅಲ್ಲಿಯ ವಾಯುಪಡೆಯ ಒಂದು ಹಾಕ್ ವಿಮಾನದಲ್ಲಿ 2011ರ ನವೆಂಬರ್ 8ರಂದು ನಡೆದ ದುರಂತವು ವಿಚಿತ್ರವಾದುದು. ವಿಮಾನವು ಇನ್ನೂ ನೆಲದ ಮೇಲೆಯೇ ಇರುವಾಗ, ಆಪತ್ತಿನಲ್ಲಿ ವೈಮಾನಿಕನನ್ನು ಹೊರಕ್ಕೆ ಚಿಮ್ಮಿಸುವ ಆಸನವು ಅಕಸ್ಮಾತ್ತಾಗಿ ಸಿಡಿಯಿತು. ಆಸನದ ಹಿಡಿಯು ಅಪಾಯದ ಸ್ಥಿತಿಯಲ್ಲಿದ್ದುದನ್ನು ಹಲವರು ಹಲವು ಸಲ ನೋಡಿಯೂ ಗುರುತಿಸಿರಲಿಲ್ಲ. ಆದರೂ ಅಂಥ ಆಸನವು ನೆಲಮಟ್ಟದಿಂದ ಚಿಮ್ಮಿದರೂ ಪ್ರಾಣವುಳಿಸುವಂತೆ ರಚಿತವಾದುದು. ಅಂದು ಮಾತ್ರ ದೊಡ್ಡ ಕೊಡೆಯು ಬಿಚ್ಚಿಕೊಳ್ಳಲಿಲ್ಲ, ವೈಮಾನಿಕನು ಉಳಿಯಲಿಲ್ಲ.

ಏತಕ್ಕೆ? ಬೋಲ್ಟಿಗೆ ನಟ್ಟನ್ನು ತಿರುಗಿಸುವಾಗ ನಾವು ಬೋಲ್ಟನ್ನು ತುಸು ಹಿಗ್ಗಿಸುತ್ತೇವೆ. ಹಿಗ್ಗಿದ ಬೋಲ್ಟು ಬಿರುಸಾದ ಸ್ಪ್ರಿಂಗಿನಂತೆ ವರ್ತಿಸಿ ತನ್ನ ನಡುವೆ ಇರುವ ಭಾಗಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವುದು. ಬಹುಪಾಲು ಕಡೆಗಳಲ್ಲಿ ನಮಗೆ ಬೇಕಾದುದು ಇದೇ. ಆದರೆ ಆ ಆಸನದ ಕೊಂಡಿಯೊಂದು ಸರಿಯಾದ ಗಳಿಗೆಯಲ್ಲಿ ಸಡಿಲವಾಗಿ ಕಳಚಿಕೊಂಡು ಕೊಡೆಯನ್ನು ಹೊರಗೆಳೆಯಬೇಕಾಗಿದ್ದಿತು. ನಟ್ಟನ್ನು ಅತಿಯಾಗಿ ಬಿಗಿದುದರಿಂದ ಕೊಂಡಿಯು ಅದುಮಿಕೊಂಡು, ಘರ್ಷಣೆಯಿಂದ ಅಲ್ಲಿಯೇ ಸಿಕ್ಕಿಬಿದ್ದಿತು. ‘ಇನ್ನೊಂದು ಸುತ್ತು ಬಿಗಿದರೆ ಇನ್ನೂ ಭದ್ರ’ ಎಂಬ ಲೋಕರೂಢಿಯ ಎಣಿಕೆ ಇಲ್ಲಿ ತಲೆಕೆಳಗಾಯಿತು. ಅತಿಯಾದ ಬಿಗಿತದಿಂದ ಅಪಾಯವುಂಟೆಂಬ ಸಂಗತಿ ಆಸನದ ತಯಾರಕರಿಗೆ ಮೊದಲೇ ತಿಳಿದಿದ್ದರೂ ಅದು ಆ ವಾಯುಪಡೆಯ ಕೆಲಸಗಾರರವರೆಗೆ ತಲಪಿರಲಿಲ್ಲ. ಕಂಪನಿಯು ತಪ್ಪನ್ನು ಒಪ್ಪಿಕೊಂಡಿತು. 2018ರಲ್ಲಿ ನ್ಯಾಯಾಲಯವು ಅದಕ್ಕೆ 11 ಲಕ್ಷ ಪೌಂಡುಗಳ ದಂಡ ವಿಧಿಸಿತು.

ಆರು ವರ್ಷ ಕಾದ ಕುಳಿ

ಮೇಲಿನ ತಪ್ಪುಗಳು ಬಲ್ಲವನು ಬಗ್ಗಿ ನೋಡಿದರೆ ಕಾಣುವಂಥವು. ಕಣ್ಣಿಗೆ ಕಾಣದೆ ವರ್ಷಗಟ್ಟಲೆ ಹೊಂಚುಹಾಕುವ ತಪ್ಪುಗಳೂ ಉಂಟು. 2017ರ ಜುಲೈ 10ರಂದು ಅಮೆರಿಕದ ನೌಕಾಸೈನಿಕರನ್ನು ಹೊತ್ತ ಕೆಸಿ-130 ವಿಮಾನವು ಮಿಸಿಸಿಪ್ಪಿ ರಾಜ್ಯದ ಮೇಲೆ ಹಾರುತ್ತಿದ್ದಾಗ, ಅದರ ಒಂದು ಪ್ರೊಪೆಲ್ಲರಿನ ಅಲಗು ಬುಡದಲ್ಲಿ ಮುರಿದು ವಿಮಾನದ ಒಡಲನ್ನು ಸೀಳಿಕೊಂಡು ಹೋಯಿತು. ವಿಮಾನವು ಆಕಾಶದಲ್ಲಿಯೇ ತುಂಡಾಯಿತು. ಅದರಲ್ಲಿದ್ದ 16 ಮಂದಿಯೂ ಮಡಿದರು.

ಆ ಪ್ರೊಪೆಲ್ಲರು ನಿಮಿಷಕ್ಕೆ ಸುಮಾರು 1,020 ಸುತ್ತು ತಿರುಗುವುದು. ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಬಹುದು: ಕೋನವೇಗವು ಸೆಕೆಂಡಿಗೆ ಸುಮಾರು 107 ರೇಡಿಯನ್. ಅದರ ವರ್ಗವನ್ನು ತ್ರಿಜ್ಯದಿಂದ ಗುಣಿಸಿದರೆ, ಅಚ್ಚಿನಿಂದ 1 ಮೀಟರು ದೂರದಲ್ಲಿರುವ 1 ಕಿಲೋಗ್ರಾಂ ಲೋಹವನ್ನು ಅದರ ವೃತ್ತದಲ್ಲಿ ಹಿಡಿದಿಡಲು 1,100 ಕಿಲೋಗ್ರಾಂ ತೂಕಕ್ಕಿಂತಲೂ ಮಿಗಿಲಾದ ಬಲ ಬೇಕೆಂದು ತಿಳಿಯುವುದು. ಅಲಗಿನಲ್ಲಿರುವ ಲೋಹವಾದರೋ ಹಲವು ಕಿಲೋಗ್ರಾಂ. ಈ ಸೆಳೆತವನ್ನೆಲ್ಲ ಹೊರತಕ್ಕುದು ಅಲಗಿನ ಬುಡ. ಅಲ್ಲಿಯ ಕುಹರದ ಒಳಮೈಯಲ್ಲಿ ಅಲ್ಯೂಮಿನಿಯಂ ಕ್ಷಯಿಸಿ ಒಂದು ಪುಟ್ಟ ಕುಳಿ ಬಿದ್ದಿದ್ದಿತು. ಕುಳಿಯ ಅಂಚಿನಲ್ಲಿ ಪೀಡನವು ಒತ್ತಟ್ಟಾಗುವುದು. ಅಲ್ಲಿಂದ ಬಿರುಕು ಹೊರಟು, ಪ್ರತಿ ಹಾರಾಟದಲ್ಲಿಯೂ ಕೂದಲೆಳೆಯಷ್ಟು ಮುಂದುವರಿಯುವುದು. ಕಬ್ಬಿಣದ ತಂತಿಯನ್ನು ಅತ್ತಿತ್ತ ಬಗ್ಗಿಸಿ ಬಗ್ಗಿಸಿ ಮುರಿದ ಹುಡುಗರಿಗೆಲ್ಲ ಲೋಹದ ಈ ಆಯಾಸವು ಗೊತ್ತಿರುವುದೇ.

ಆ ಅಲಗು 2011ರಲ್ಲಿ ದುರಸ್ತಿ ಕೇಂದ್ರವೊಂದಕ್ಕೆ ಹೋಗಿ ಬಂದಿದ್ದಿತು. ಬದಲಾಗುತ್ತಿರುವ ಕಾಂತಕ್ಷೇತ್ರದಿಂದ ಲೋಹದಲ್ಲಿ ಸುಳಿವಿದ್ಯುತ್ತನ್ನು ಹುಟ್ಟಿಸಿ, ಬಿರುಕಿನ ಬಳಿ ಅದು ಹಾದಿ ತಪ್ಪುವುದನ್ನು ಉಪಕರಣದಿಂದ ಗುರುತಿಸುವ ಪರೀಕ್ಷೆ ಅಲ್ಲಿಯ ಕ್ರಮದಲ್ಲಿಯೇ ಇದ್ದಿತು. ಆಗಲೇ ಇದ್ದ, ಆಗಲೇ ಪತ್ತೆಯಾಗಬಹುದಾಗಿದ್ದ ದೋಷವನ್ನು ಅಲ್ಲಿ ನಿವಾರಿಸಲಿಲ್ಲವೆಂದು ವಿಚಾರಣೆಯಿಂದ ತಿಳಿದುಬಂದಿತು. ಅಂದು ಪರೀಕ್ಷೆಮಾಡಬೇಕಾದವನಿಗೂ ಆರು ವರ್ಷಗಳ ಬಳಿಕ ಆ ವಿಮಾನವನ್ನೇರಿದ ತರುಣರಿಗೂ ಮುಖಪರಿಚಯವೂ ಇದ್ದಿರಲಾರದು. ಪಂಪಿನ ಮೆಕ್ಯಾನಿಕನಿಗೆ ನೀರು ಬಾರದಿರುವುದೇ ಎಚ್ಚರಿಕೆ. ಇಲ್ಲಿ ಎಚ್ಚರಿಸುವವರು ಯಾರು?

ಬರೆಯದ ಮಾತು, ಬರೆದ ತಪ್ಪು

ಕೆಲವೊಮ್ಮೆ ಕೈ ತಪ್ಪುವುದಿಲ್ಲ, ಮಾತು ತಪ್ಪಿಹೋಗುವುದು. 2008ರ ಫೆಬ್ರುವರಿ 23ರಂದು ಗುವಾಮ್ ದ್ವೀಪದಲ್ಲಿ ಅಮೆರಿಕದ ಬಿ-2 ಬಾಂಬರು ಮೇಲೇರುವಾಗಲೇ ಬಿದ್ದು ಸುಟ್ಟುಹೋಯಿತು. ಇಬ್ಬರು ವೈಮಾನಿಕರೂ ಹೊರಚಿಮ್ಮಿ ಬದುಕಿಕೊಂಡರು. ಸುಮಾರು 140 ಕೋಟಿ ಡಾಲರು ಬೆಲೆಯ ವಿಮಾನವು ಬೂದಿಯಾಯಿತು. ಗಾಳಿಯ ಒತ್ತಡವನ್ನು ಅಳೆಯುವ ಅದರ 24 ಸಂವೇದಕಗಳಲ್ಲಿ ಮೂರರೊಳಗೆ ತೇವ ಸೇರಿದ್ದಿತು. ತೇವವಿದ್ದಾಗಲೇ ಅವುಗಳನ್ನು ಸರಿಹೊಂದಿಸಿದರು, ಬಳಿಕ ತೇವವು ಆರಿತು, ಅಳತೆ ಕೆಟ್ಟಿತು. ಸುಳ್ಳು ಅಂಕೆಗಳನ್ನು ನಂಬಿದ ಗಣಕವು ವಿಮಾನದ ಮೂತಿಯನ್ನು ವಿಪರೀತವಾಗಿ ಮೇಲೆತ್ತಿಬಿಟ್ಟಿತು. ಸರಿಹೊಂದಿಸುವುದಕ್ಕೆ ಮೊದಲು ಅಲ್ಲಿಯ ಶಾಖೋಪಕರಣವನ್ನು ಹಚ್ಚಿ ತೇವವನ್ನು ಓಡಿಸಬೇಕೆಂಬ ಉಪಾಯವು ಕೆಲವು ಕೆಲಸಗಾರರಿಗೆ ಎರಡು ವರ್ಷಗಳ ಹಿಂದೆಯೇ ತಿಳಿದಿದ್ದಿತು. ಆದರೆ ಅದು ಬಾಯಿಂದ ಬಾಯಿಗೆ ಹೋಗುತ್ತಿದ್ದ ಮಾತಾಗಿ ಉಳಿಯಿತು, ಪುಸ್ತಕವನ್ನು ಸೇರಲಿಲ್ಲ.

ಇನ್ನು ನಮ್ಮ ನೆಲದ ಪ್ರಸಂಗ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ರೂಪಿಸಿದ ‘ಸರಸ್’ ಎಂಬ ಪುಟ್ಟ ವಿಮಾನದ ಎರಡನೆಯ ಮೂಲಮಾದರಿಯು 2009ರ ಮಾರ್ಚ್ 6ರಂದು ಪರೀಕ್ಷಾರ್ಥ ಹಾರಾಟದಲ್ಲಿ ಬಿಡದಿಯ ಬಳಿ ಬಿದ್ದಿತು. ವಿಮಾನವು ಸೇನೆಯದಲ್ಲವಾದರೂ ಅದರಲ್ಲಿದ್ದವರು ವಾಯುಪಡೆಯ ಅಧಿಕಾರಿಗಳು: ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ ಮತ್ತು ಸ್ಕ್ವಾಡ್ರನ್ ಲೀಡರ್ ಇಳಯರಾಜ. ಮೂವರೂ ಮಡಿದರು. ಆಕಾಶದಲ್ಲಿ ಒಂದು ಎಂಜಿನನ್ನು ಬೇಕೆಂದೇ ಆರಿಸಿ ಮತ್ತೆ ಹೊತ್ತಿಸುವುದು ಅಂದಿನ ಪರೀಕ್ಷೆಯಾಗಿದ್ದಿತು. ಹೀಗೆ ಹೊತ್ತಿಸುವಾಗ ಪ್ರೊಪೆಲ್ಲರಿನ ಅಲಗುಗಳ ಓರೆ ಬಹು ಮುಖ್ಯವಾದುದು. ಅಲಗಿನ ಅಂಚು ಗಾಳಿಗೆ ಎದುರಾಗಿದ್ದರೆ ತಡೆ ಕಡಿಮೆ. ಅಲಗಿನ ಅಗಲವಾದ ಮೈ ಗಾಳಿಗೆ ಎದುರಾದರೆ ಪ್ರೊಪೆಲ್ಲರು ಬ್ರೇಕಿನಂತಾಗುವುದು.

ಎಂಜಿನನ್ನು ಹೊತ್ತಿಸಲು ವಿನ್ಯಾಸಕಾರರು ಗೊತ್ತುಮಾಡಿದ್ದ ವಿಧಾನವೇ ತಪ್ಪಾಗಿದ್ದಿತೆಂದೂ, ಅದನ್ನು ಸಾಕಷ್ಟು ಎತ್ತರವಿಲ್ಲದ ಕಡೆ ಅನುಸರಿಸಿದುದರಿಂದ ವಿಮಾನವು ವೇಗವಾಗಿ ಕೆಳಗಿಳಿಯಿತೆಂದೂ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯದ ವಿಚಾರಣೆಯು ನಿರ್ಣಯಿಸಿತು. ಆ ವಿಧಾನವನ್ನು ರೂಪಿಸುವಾಗ ಪ್ರೊಪೆಲ್ಲರಿನ ತಯಾರಕರೊಡನೆ ಸಮಾಲೋಚಿಸಿರಲಿಲ್ಲ. ಮೊದಲ ಯತ್ನವು ವಿಫಲವಾದಾಗ ಪರೀಕ್ಷೆಯನ್ನು ನಿಲ್ಲಿಸದಿದ್ದುದೂ ಒಂದು ಕಾರಣವೆಂದು ವರದಿಯು ಹೇಳಿತು. ಅಲ್ಲಿ ಸಲಹೆಯು ಬಾಯಲ್ಲಿತ್ತು, ಪುಸ್ತಕದಲ್ಲಿರಲಿಲ್ಲ. ಇಲ್ಲಿ ಪುಸ್ತಕದಲ್ಲಿ ಬರೆದುದೇ ತಪ್ಪಾಗಿದ್ದಿತು. ಆದರೆ ಎರಡೂ ಕಡೆ, ಕೇಳಬೇಕಾದವರನ್ನು ಕೇಳಿದ್ದರೆ, ಹೇಳಬೇಕಾದವರಿಗೆ ಹೇಳಿದ್ದರೆ, ತಪ್ಪು ನೆಲದ ಮೇಲೆಯೇ ಉಳಿಯುತ್ತಿದ್ದಿತು.

ಸ್ವಲ್ಪ ಗಣಿತ

‘ಎಚ್ಚರಿಕೆಯಿಂದ ಕೆಲಸ ಮಾಡಿದರೆ ತಪ್ಪೇಕೆ ಆಗುವುದು?’ ಎಂದು ವಾಚಕರು ಕೇಳಬಹುದು. ಲೆಕ್ಕವು ಬೇರೆಯಾದುದನ್ನೇ ಹೇಳುವುದು. ಒಂದು ದೊಡ್ಡ ದುರಸ್ತಿಯಲ್ಲಿ 1,000 ಹೆಜ್ಜೆಗಳಿವೆಯೆಂದು ಭಾವಿಸೋಣ. ಕೆಲಸಗಾರನು ಬಹು ನಿಪುಣನಾಗಿದ್ದು, ಸಾವಿರಕ್ಕೊಮ್ಮೆ ಮಾತ್ರ ತಪ್ಪುವನೆನ್ನೋಣ. ಒಂದೂ ತಪ್ಪಿಲ್ಲದೆ ಕೆಲಸ ಮುಗಿಯುವ ಸಂಭಾವ್ಯತೆಯೆಂದರೆ 0.999ನ್ನು ಸಾವಿರ ಸಲ ಗುಣಿಸಿದಾಗ ಬರುವ ಫಲ; ಅದು ಸುಮಾರು 0.37. ಎಂದರೆ ಆ ನಿಪುಣನ ಮೂರು ದುರಸ್ತಿಗಳಲ್ಲಿ ಹೆಚ್ಚುಕಡಿಮೆ ಎರಡರಲ್ಲಿ ಎಲ್ಲಿಯಾದರೂ ಒಂದು ತಪ್ಪು ಇದ್ದೇ ಇರುವುದು.

ಆದುದರಿಂದಲೇ ಒಬ್ಬನು ಮಾಡಿದುದನ್ನು ಇನ್ನೊಬ್ಬನು ನೋಡಿ ಸಹಿ ಹಾಕುವ ಕ್ರಮವಿದೆ. ಮೊದಲನೆಯವನು ನೂರಕ್ಕೊಮ್ಮೆ ತಪ್ಪಿ, ಎರಡನೆಯವನು ಅಂಥ ತಪ್ಪುಗಳಲ್ಲಿ ನೂರಕ್ಕೊಂದನ್ನು ಮಾತ್ರ ಕಾಣದೆ ಬಿಟ್ಟರೆ, ಹತ್ತು ಸಾವಿರಕ್ಕೊಂದು ತಪ್ಪು ಮಾತ್ರ ಹೊರಬೀಳುವುದು. ಆದರೆ ಈ ಗುಣಾಕಾರವು ಸಲ್ಲುವುದು ಇಬ್ಬರೂ ಸ್ವತಂತ್ರವಾಗಿ ನೋಡಿದಾಗ ಮಾತ್ರ. ‘ಅವನು ಒಳ್ಳೆಯ ಕೆಲಸಗಾರ, ಸರಿಯಾಗಿಯೇ ಮಾಡಿರುವನು’ ಎಂದು ನೋಡದೆಯೇ ಸಹಿ ಹಾಕಿದರೆ, ಹತ್ತು ಸಾವಿರವು ಒಡನೆಯೇ ನೂರಕ್ಕಿಳಿಯುವುದು. ಇಲ್ಲಿ ಗೆಳೆತನದ ನಂಬಿಕೆಯೇ ಶತ್ರು.

ಮದ್ದು ಯಾವುದು?

ತಪ್ಪನ್ನು ಮಾಡಲಾಗದಂತೆ ವಸ್ತುವನ್ನು ರಚಿಸುವುದು ಮೊದಲನೆಯ ಮದ್ದು. ನಮ್ಮ ಮನೆಗಳ ಮೂರು ಕಡ್ಡಿಯ ಪ್ಲಗ್ಗನ್ನು ನೋಡಿರಿ. ಭೂಸಂಪರ್ಕದ ಕಡ್ಡಿಯು ದಪ್ಪವಾಗಿರುವುದರಿಂದ ಕತ್ತಲೆಯಲ್ಲಿ ಚುಚ್ಚಿದರೂ ಅದು ತನ್ನ ರಂಧ್ರಕ್ಕೇ ಹೋಗಬೇಕು. ಉದ್ದವಾಗಿರುವುದರಿಂದ ಎಲ್ಲಕ್ಕಿಂತ ಮೊದಲು ತಗಲಬೇಕು. 1949ರಲ್ಲಿ ಅಮೆರಿಕದ ವಾಯುನೆಲೆಯೊಂದರಲ್ಲಿ, ಒಮ್ಮೆಲೇ ವೇಗ ಕುಗ್ಗಿದರೆ ಮನುಷ್ಯದೇಹವು ಎಷ್ಟನ್ನು ತಾಳಬಲ್ಲುದೆಂಬ ಪ್ರಯೋಗ ನಡೆಯುತ್ತಿದ್ದಾಗ, ಅಳತೆಯ ಉಪಕರಣಗಳನ್ನು ತಿರುಗುಮುರುಗಾಗಿ ಜೋಡಿಸಿ ಪ್ರಯೋಗವೇ ವ್ಯರ್ಥವಾಯಿತಂತೆ. ಎರಡು ಬಗೆಯಲ್ಲಿ ಮಾಡಬಹುದಾದುದನ್ನು ಎಂದಾದರೊಂದು ದಿನ ಯಾರಾದರೊಬ್ಬರು ತಪ್ಪಾದ ಬಗೆಯಲ್ಲಿ ಮಾಡಿಯೇ ತೀರುವರೆಂಬ, ಎಂಜಿನಿಯರ್ ಎಡ್ವರ್ಡ್ ಮರ್ಫಿಯ ಹೆಸರಿನ ಸೂತ್ರವು ಹುಟ್ಟಿದುದು ಅಲ್ಲಿಯೇ ಎನ್ನುವರು. ಜನರು ಅದನ್ನು ವಿನೋದವಾಗಿ ಹೇಳುವುದುಂಟು. ವಿನ್ಯಾಸಕಾರನಿಗೆ ಅದು ವಿನೋದವಲ್ಲ.

ಎರಡನೆಯದು, ತಪ್ಪನ್ನು ಕಣ್ಣಿಗೆ ಕಾಣುವಂತೆ ಮಾಡುವುದು. ಒಳ್ಳೆಯ ದುರಸ್ತಿ ಶಾಲೆಗಳಲ್ಲಿ ಪ್ರತಿ ಉಪಕರಣದ ಆಕೃತಿಯನ್ನೂ ಹಲಗೆಯ ಮೇಲೆ ಬರೆದಿರುವರು. ಸಂಜೆ ಒಂದು ಸ್ಪ್ಯಾನರು ಹಿಂದಿರುಗದಿದ್ದರೆ ಅದರ ಖಾಲಿ ನೆರಳು ದೂರದಿಂದಲೇ ಕಾಣುವುದು; ಅದು ಸಿಕ್ಕುವವರೆಗೆ ವಿಮಾನವು ಹೊರಡುವಂತಿಲ್ಲ. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ನರು ಇಂಥ ತಡೆಗಳನ್ನು ತೂತುಗಳುಳ್ಳ ಚೀಸಿನ ಹಲ್ಲೆಗಳಿಗೆ ಹೋಲಿಸಿದರು. ನಮ್ಮವರಿಗೆ ಒಂದರ ಕೆಳಗೊಂದು ಹಿಡಿದ ಜರಡಿಗಳ ಹೋಲಿಕೆ ಒಪ್ಪೀತು. ಯಾವ ಜರಡಿಯೂ ಪೂರ್ಣವಲ್ಲ. ಎಲ್ಲ ತೂತುಗಳೂ ಒಂದೇ ಗೆರೆಯಲ್ಲಿ ಕೂಡಿಬಂದಾಗ ಮಾತ್ರ ಕಲ್ಲು ಕೆಳಗೆ ಬೀಳುವುದು. ಕಟ್ಟಕಡೆಯ ಜರಡಿಯನ್ನು ಹಿಡಿದವನೊಬ್ಬನನ್ನೇ ದಂಡಿಸಿದರೆ ಮೇಲಿನ ತೂತುಗಳು ಮುಚ್ಚುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಕಷ್ಟವಾದುದು: ಭಯವನ್ನು ತೆಗೆಯುವುದು. ‘ನಿನ್ನೆ ರಾತ್ರಿ ಆ ನಟ್ಟನ್ನು ಬಿಗಿದೆನೋ ಇಲ್ಲವೋ ನೆನಪಿಲ್ಲ’ ಎಂದು ಬೆಳಗ್ಗೆ ಬಂದು ಹೇಳಬಲ್ಲ ಕೆಲಸಗಾರನು ಒಂದು ವಿಮಾನವನ್ನು ಉಳಿಸುವನು. ಹೇಳಿದರೆ ಶಿಕ್ಷೆಯೆಂದು ಗೊತ್ತಿದ್ದರೆ ಅವನು ಹೇಳುವನೇ? ಅಮೆರಿಕದಲ್ಲಿ 1976ರಿಂದ, ವಿಮಾನಯಾನದಲ್ಲಿ ತಮ್ಮಿಂದಾದ ತಪ್ಪುಗಳನ್ನು ಗೋಪ್ಯವಾಗಿ ತಿಳಿಸಲು ಏರ್ಪಾಡೊಂದಿದೆ. ವರದಿಗಳು ಹೋಗುವುದು ದಂಡಿಸುವ ಇಲಾಖೆಗಲ್ಲ, ನಾಸಾ ಸಂಸ್ಥೆಗೆ. ಬೇಕೆಂದೇ ಮಾಡಿದ ಅಪರಾಧಕ್ಕೆ ಅಲ್ಲಿ ರಕ್ಷಣೆಯಿಲ್ಲ. ಕೈತಪ್ಪನ್ನು ಒಪ್ಪಿಕೊಂಡವನಿಗೆ ಉಂಟು. ಎರಡಕ್ಕೂ ಇರುವ ಅಂತರವನ್ನು ಕಾಣದ ನ್ಯಾಯವು ಸತ್ಯವನ್ನು ಬಚ್ಚಿಡಲು ಕಲಿಸುವುದು. ಸ್ಪಾಂಗ್‌ಡಾಲೆಮಿನ ಆ ತಂತ್ರಜ್ಞನ ಸಾವು ವಾಯುಪಡೆಗಳಿಗೆಲ್ಲ ಕೇಳುವ ಪ್ರಶ್ನೆ ಇದೇ.

ನಮ್ಮ ಪ್ರಯೋಗಶಾಲೆಯಲ್ಲಿ

ಈ ಪ್ರಶ್ನೆಯು ಅಧ್ಯಾಪಕರಾದ ನಮ್ಮನ್ನೂ ಬಿಡದು. ಭೌತವಿಜ್ಞಾನದಲ್ಲಿ ದೋಷವೆಂಬ ಮಾತಿಗೆ ಅಪಮಾನದ ಅರ್ಥವಿಲ್ಲ. ಪ್ರತಿ ಅಳತೆಯಲ್ಲಿಯೂ ದೋಷವಿರುವುದೆಂದೂ, ಅದು ಎಷ್ಟೆಂದು ಫಲಿತಾಂಶದ ಪಕ್ಕದಲ್ಲಿಯೇ ಬರೆಯಬೇಕೆಂದೂ ಮೊದಲ ವರ್ಷದಲ್ಲಿಯೇ ಕಲಿಸುತ್ತೇವೆ. ಆದರೂ ಸರಳ ಲೋಲಕದಿಂದ ಗುರುತ್ವವನ್ನು ಅಳೆದು ಸೆಕೆಂಡ್ ವರ್ಗಕ್ಕೆ 930 ಸೆಂಟಿಮೀಟರೆಂದು ಪ್ರಾಮಾಣಿಕವಾಗಿ ಬರೆದ ವಿದ್ಯಾರ್ಥಿಗೆ ನಾವೇ ಅಂಕಗಳನ್ನು ಕಳೆದದ್ದುಂಟು. ಪಕ್ಕದವನ ಪುಸ್ತಕ ನೋಡಿ 980 ಎಂದು ಬರೆದವನಿಗೆ ಪೂರ್ಣ ಅಂಕಗಳನ್ನು ಕೊಟ್ಟದ್ದೂ ಉಂಟು. ಹಾಗೆ ಮಾಡಿದ ದಿನ ನಾವು ಕಲಿಸಿದುದು ಭೌತವಿಜ್ಞಾನವನ್ನಲ್ಲ, ನೋಡದೆ ಸಹಿ ಹಾಕುವುದನ್ನು. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಸಾಂಬ್ರಾಕ್ಕೂ ಜಾಲಹಳ್ಳಿಗೂ ವಿಮಾನ ಕಾರ್ಖಾನೆಗೂ ಹೋಗತಕ್ಕವರು. ಅಲ್ಲಿಗೆ ಅವರು ಕೊಂಡೊಯ್ಯುವುದು ಸೂತ್ರಗಳನ್ನಷ್ಟೇ ಅಲ್ಲ, ಈ ಅಭ್ಯಾಸವನ್ನೂ.

ವಿಮಾನದ ದುರಸ್ತಿಯ ದಾಖಲೆಯಲ್ಲಿ ತಪ್ಪಾಗಿ ಬರೆದ ಅಂಕೆಯನ್ನು ಅಳಿಸುವುದು ಸಲ್ಲದು. ಕೆಳಗಿನ ಬರೆಹವು ಓದಲು ಬರುವಂತೆ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಸಹಿ ಹಾಕಬೇಕು. ಈ ವರ್ಷದಿಂದ ನಮ್ಮ ಪ್ರಯೋಗಶಾಲೆಯ ಪುಸ್ತಕಗಳಲ್ಲಿಯೂ ರಬ್ಬರನ್ನು ನಿಷೇಧಿಸಿದ್ದೇವೆ. ಗೆರೆ ಎಳೆದುದಕ್ಕೆ ಅಂಕಗಳನ್ನು ಕಳೆಯುವುದಿಲ್ಲ.